ಒಲೆಯ ಗುಂಡಿಯಿಂದ ಹಾರಿದ ವಿಮಾನ

ನನ್ನ ಚಿಕ್ಕಪ್ಪನ ವೈಮಾನಿಕ ಜೀವನದ ಸಮಸ್ತ ಪರಿಣಾಮಗಳನ್ನೂ ಅನುಭವಿಸಿದವರು ನನ್ನ ಚಿಕ್ಕಮ್ಮ. ಇದನ್ನು ಮೊದಲೇ ದಾಖಲಿಸುತ್ತೇನೆ. ಏಕೆಂದರೆ ಗುಂಡ್ಲುಪೇಟೆಯ ಅವರ ಮನೆಗೆ ಹೋಗಿಬಂದವರೆಲ್ಲ ಚಿಕ್ಕಪ್ಪನ ಸಾಹಸವನ್ನಷ್ಟೇ ಹೊಗಳುತ್ತಾರೆ. ಒಂದು ವಿಮಾನವನ್ನೂ ಹತ್ತಿರದಿಂದ ಕಾಣದ ಈ ಮನುಷ್ಯ ನಡುಮನೆಯಿಂದಲೇ ದಿನಕ್ಕೆರಡು ಸಲ ಮೈಸೂರಿಗೆ ಹಾರುತ್ತಾರೆಂದರೆ ನಂಬುತ್ತೀರಾ?

ಚಿಕ್ಕಪ್ಪನದು ರೇಡಿಯೋ ರಿಪೇರಿ ಅಂಗಡಿ. ರೇಡಿಯೋ ತರುವವರೇ ಇಲ್ಲವಾಗಿ ಅದು ಮುಚ್ಚಿತು. ಅದರ ಮರುವರ್ಷ ಒಂದು ಹಳೆಯ ಕಂಪ್ಯೂಟರು, ವಿಮಾನ ಹಾರಿಸುವ ಆಟದ ಸಿ.ಡಿ. ಮನೆಗೆ ಬಂದವು. ಕೀಲಿಮಣೆ ಕುಟ್ಟಿ ಹಾರಿಸುವುದು ಅವರ ಪ್ರಕಾರ ಪೈಲಟ್ ಕುಲಕ್ಕೇ ಅವಮಾನ. ಜಾಯ್‌ಸ್ಟಿಕ್ ಒಂದನ್ನು ಬಿಚ್ಚಿ, ಅದರ ತಂತಿಗಳಿಗೆ ಅಂಗಡಿಯಲ್ಲಿ ಉಳಿದಿದ್ದ ವಾಲ್ಯೂಮ್ ಕಂಟ್ರೋಲುಗಳನ್ನು ಬೆಸೆದರು. ರೇಡಿಯೋದ ಗುಂಡಿಗಳು ವಿಮಾನದ ಘನತೆಗೆ ಸಾಲವಂತೆ. ಆದ್ದರಿಂದ ಗ್ಯಾಸ್ ಒಲೆಯ ಗುಂಡಿ ಎಂಜಿನ್ನಿಗೆ ಹೋಯಿತು, ಮಿಕ್ಸಿಯದು ರೆಕ್ಕೆಗೆ. ಚಿಕ್ಕಮ್ಮ ರವಿಕೆ ಹೊಲಿದು ಮನೆ ನಡೆಸುತ್ತಿದ್ದ ಯಂತ್ರದ ಕಾಲ್ತುಳಿ ವಿಮಾನದ ಬಾಲವಾಯಿತು! ಚಿಕ್ಕಮ್ಮ ಗುಂಡಿಯಿಲ್ಲದ ಒಲೆಯ ಕಡ್ಡಿಯನ್ನು ಇಕ್ಕಳದಲ್ಲಿ ತಿರುಗಿಸುತ್ತ, ರವಿಕೆಗಳನ್ನು ಕೈಯಲ್ಲೇ ಹೊಲಿಯತೊಡಗಿದರು.

ಹೆಣ್ಣಿನ ದುಡಿಮೆಯ ಸಾಧನಗಳನ್ನು ಆಕೆಯ ಒಪ್ಪಿಗೆಯಿಲ್ಲದೆ ವಶಪಡಿಸಿಕೊಳ್ಳುವುದು ಎಂಥ ಅನ್ಯಾಯವೆಂದು ನಾನು ವಿವರಿಸಲು ಹೊರಟೆ.

"ನಿನ್ ಭಾಷಣ ಆಮೇಲ್ ಮಾಡು ಕಣಮ್ಮಿ. ಬೆಟ್ಟ ಅಡ್ಡ ಬತ್ತಾ ಅದೆ" ಎಂದರು ಚಿಕ್ಕಪ್ಪ. ತೆರೆಯ ಮೇಲೆ ಯಾವ ಹಸಿರು ದಿಬ್ಬ ಕಂಡರೂ ಅವರಿಗೆ ಅದು ಗೋಪಾಲಸ್ವಾಮಿ ಬೆಟ್ಟವೇ.

ಚಿಕ್ಕಮ್ಮ ಬೇಡಿದ್ದು ಒಂದನ್ನೇ: "ಒಂದ್ಸಲ ನಾನೂ ಹಾರುಸ್ಲಾ?"

"ನಿಂಗ್ಯಾಕಮ್ಮಿ ಅದು? ಸೆಟ್ಟಿಂಗ್ ಕೆಟ್ಟೋಯ್ತದೆ."

ಕೆಡಲು ಸೆಟ್ಟಿಂಗ್ ಸರಿಯಿದ್ದರೆ ತಾನೆ? ವಿಮಾನ ಏರುತ್ತಿತ್ತು, ಇಳಿಯುತ್ತಿರಲಿಲ್ಲ. ಚಾಮರಾಜನಗರದ ಅರಿಶಿನ ವ್ಯಾಪಾರಿ, ಚಿಕ್ಕಪ್ಪನ ಬಾಲ್ಯದ ಗೆಳೆಯ, ಪ್ರಯಾಣಿಕನಾಗಿ ಪಕ್ಕದಲ್ಲಿ ಕುಳಿತ ದಿನ ನಾನೂ ಇದ್ದೆ.

"ಇಳ್ಸು ಅಂದ್ರೆ ಏರುಸ್ತಿದ್ದೀಯಲ್ಲೋ, ನಾನು ಸಂತೆಗೋಗ್ಬೇಕು ಕಣ್ಲಾ."

"ಸಣ್ಣ ಉರಿಗೇ ಇಟ್ಟಿವ್ನಿ ಕಣ್ಲಾ. ಇದ್ಯಾಕೋ ಮೊರೀತಾ ಅದೆ."

ವಿಮಾನ ನೆಲಕ್ಕೆ ಅಪ್ಪಳಿಸಿತು. ಮೂರು ವಾರ ತಂತಿ ಬದಲಿಸಿದರು, ಪೆಟ್ರೋಲಿನಲ್ಲಿ ಒರೆಸಿದರು, ಕಂಪ್ಯೂಟರಿಗೆ ವಿಭೂತಿಯನ್ನೂ ಹಚ್ಚಿದರು. ಕೊನೆಗೆ ರವಿಕೆಯ ಅಂಚು ಹೊಲಿಯುತ್ತಿದ್ದ ಚಿಕ್ಕಮ್ಮ ತಲೆಯೆತ್ತದೆ ಹೇಳಿದರು:

"ಒಲೇಲಿ ಗುಂಡಿ ತಿರುಗ್ಸಿದ್ರೆ ಮೊದ್ಲು ದೊಡ್ಡ ಉರಿ, ಆಮೇಲೆ ತುದೀಲಿ ಸಣ್ಣದು ಕಣ್ರೀ. ನಿಮ್ ಇಮಾನ ತಿರುಗ್ಸಿದಷ್ಟೂ ಜೋರಾಯ್ತದೆ. ಗುಂಡಿ ಮೇಲಿನ ಗುರುತು ನೋಡ್ಕೊಂಡು ಹಾರುಸ್ತಾ ಇದ್ದೀರಲ್ಲ. ಅದ ಅಳ್ಸಿ, ತುದೀಲಿ ಜೋರು ಅಂತ ಬರ್ಕಳಿ."

ಒಂದು ದಿನವೂ ಒಲೆ ಹಚ್ಚದ ಗಂಡಸಿಗೆ ಇದು ಹೇಗೆ ತಿಳಿಯಬೇಕು? ಮರುದಿನ ವಿಮಾನ ಹೂವಿನಂತೆ ಇಳಿಯಿತು. ಬೀದಿಯವರು ಚಿಕ್ಕಪ್ಪನ ಕೈ ಕುಲುಕಿದರು. ಚಿಕ್ಕಮ್ಮ ಅವರಿಗೆಲ್ಲ ಕಾಫಿ ಕೊಟ್ಟರು. ಇನ್ನೊಬ್ಬರ ಬುದ್ಧಿಯ ಫಲವನ್ನು ಕದಿಯುವುದಕ್ಕೂ ಒಂದು ಹೆಸರಿದೆ. ಅದನ್ನೂ ಬರೆದುಕೊಂಡು, ಚಿಕ್ಕಪ್ಪನ ಅಪರಾಧಗಳ ಪಟ್ಟಿಯನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು.

"ಎಲ್ಲಾ ದಿಟವೇ ಕಣಮ್ಮಿ. ಆದ್ರೆ ಅಂಗಡಿ ಮುಚ್ಚಿದ್ಮೇಲೆ ಒಂದ್ ವರ್ಸ ಈ ಮನೇಲಿ ಮಾತೇ ಇರ್ನಿಲ್ಲ. ಗೋಡೆ ನೋಡ್ಕೊಂಡು ಕುಂತಿರೋರು. ಈಗ ಮೇಲೋಗುತ್ಲೂ 'ಅಮ್ಮೀ, ಮೋಡ ಬಂತು, ಬಾ ನೋಡು' ಅಂತ ಕೂಗ್ತರೆ. ನಾನು ಕೈಲಿರೋದ ಬುಟ್ಟು ಬತ್ತೀನಿ."

ನನ್ನ ಪಟ್ಟಿಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಆದರೂ ಪಟ್ಟಿ ಸುಳ್ಳಾಗುವುದಿಲ್ಲ. ಆದ್ದರಿಂದ ಚಿಕ್ಕಪ್ಪ, ನನ್ನ ಹಕ್ಕೊತ್ತಾಯ ಇಷ್ಟೇ: ಬರುವ ಭಾನುವಾರ ಊಟವಾದ ಮೇಲೆ ಆ ಕುರ್ಚಿಯಿಂದ ಏಳಿ. ಚಿಕ್ಕಮ್ಮ ಕೂರಲಿ. ಅವರು ಎಲ್ಲಿಗೆ ಹೊರಟರೂ ತಡೆಯಬೇಡಿ, ಕೈ ಹಾಕಬೇಡಿ. ಪಕ್ಕದಲ್ಲೊಂದು ಸ್ಟೂಲು ಹಾಕಿಕೊಂಡು ಕುಳಿತು, ದಾರಿಯುದ್ದಕ್ಕೂ ಮಾತಾಡುತ್ತಿರಿ.