ಏಳನೇ ಸಾಲಿನ ಸೆಕೆ

ಒಂದು ನಿಮಿಷ ನಿಲ್ಲಿ, ಕದಿರವನ್ ಪಾಡು ಕೇಳಿಕೊಂಡೇ ಹೋಗಿ. ಕೊನೆಗೆ ನಿಮ್ಮನ್ನೊಂದು ಮಾತು ಕೇಳುವುದಿದೆ.

ಚೆನ್ನೈ ಪಕ್ಕ ಸಿರುಸೇರಿಯ ಡೇಟಾ ಸೆಂಟರಿನಲ್ಲಿ ಸರ್ವರ್‌ಗಳನ್ನು ತಣ್ಣಗಿಡುವುದು ಅವನ ಕೆಲಸ. ಊರೆಲ್ಲ ಇಡ್ಲಿಯ ಹಾಗೆ ಬೇಯುವಾಗ ಅವನೊಬ್ಬ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದ. ಎದೆಯೊಳಗೆ ಮಾತ್ರ ತಂಪಿರಲಿಲ್ಲ. ಅಂಬಾಸಮುದ್ರದ ತವರಿನಲ್ಲಿ ಹೆಂಡತಿ ಪೂಂಗೊಡಿ ಹೆಣ್ಣು ಹೆತ್ತಿದ್ದಳು. ಮಗಳನ್ನು ಅವನಿನ್ನೂ ಫೋನಿನಲ್ಲಷ್ಟೇ ನೋಡಿದ್ದ. ನಾಳೆ ಬೆಳಿಗ್ಗೆ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಇವತ್ತು ಸಂಜೆ ಎಗ್ಮೋರಿನಲ್ಲಿ ರೈಲು ಹತ್ತಲೇಬೇಕು.

ಬೆಳಿಗ್ಗೆ ಕೆಲಸಕ್ಕೆ ಬಂದು ನೋಡಿದರೆ ಸರ್ವರ್‌ಗಳ ಏಳನೇ ಸಾಲು ಕಾದ ಕಾವಲಿ!

"ಅದು ತಣ್ಣಗಾಗೋವರೆಗೂ ರಜೆ ಮಾತೆತ್ಬೇಡ" ಎಂದರು ಮ್ಯಾನೇಜರ್ ಆರೋಗ್ಯಸಾಮಿ. "ಯಾರೋ ಗಾಳಿಗೆ ಅಡ್ಡ ಏನೋ ಇಟ್ಟಿದಾರೆ. ಸಿಗ್ಲಿ, ಅವರಿಗೆ ಪೊಂಗಲ್‌ವರೆಗೂ ರಜೆ ಇಲ್ಲ!"

ಅಷ್ಟರಲ್ಲಿ ಪೂಂಗೊಡಿಯ ಫೋನು. "ಏನ್ರೀ, ತೊಟ್ಟಿಲು ತರ್ತೀರಲ್ಲ? ತೇಗದ್ದು ಅಂತ ಬೀದಿಗೆಲ್ಲ ಹೇಳ್ಬಿಟ್ಟಿದೀನಿ."

"ಯಾವತ್ತೋ ಕೊಂಡಾಯ್ತು. ಹೆರಿಗೆಗೆ ಮುಂಚೆನೇ ಕೊಂಡೆ ಅಂತ ಅಮ್ಮನಿಗೆ ಗೊತ್ತಾದ್ರೆ ಅಪಶಕುನ ಅಂತ ಪೊರಕೆ ತಗೋತಾಳೆ. ಮನೇಲಿಡದೆ ಬಚ್ಚಿಟ್ಟಿದೀನಿ, ನಿನ್ನೆ ಜಾಗಾನೂ ಬದಲಾಯಿಸಿದೆ."

ಆ ಕಡೆ ಮಗು ಅತ್ತಿತು. ಫ್ಯಾನುಗಳ ಮೊರೆತದಲ್ಲಿ ಆ ಅಳು ಅರ್ಧಕ್ಕೇ ಕರಗಿತು. ಫೋನು ನಿಂತ ಮೇಲೂ ಕದಿರವನ್ ಅದನ್ನು ಕಿವಿಗೆ ಒತ್ತಿಕೊಂಡೇ ಇದ್ದ.

ಆಮೇಲೆ ಹುಡುಕಾಟ. ಸರ್ವರ್‌ಗಳ ಬೆನ್ನ ಹಿಂದೆ, ಬಿಸಿಗಾಳಿ ಹೊರಬೀಳುವ ಓಣಿಯಲ್ಲಿ, ಒಂದು ಸೀರೆ ಕಟ್ಟಿತ್ತು. ಅದರ ತುಂಬ ಸಂಡಿಗೆ!

"ಕನಕವಲ್ಲಿ ಅಕ್ಕಾ!" ಎಂದು ಕೂಗಿದ. ಕಸ ಗುಡಿಸುವ ಕನಕವಲ್ಲಿ ಸಾವಕಾಶ ಬಂದಳು.

"ಮಹಡಿ ಮೇಲೆ ಕಾಗೆ ಬಿಡಲ್ಲಪ್ಪ. ಇಲ್ಲಿ ಮಧ್ಯಾಹ್ನಕ್ಕೇ ಗರಿಗರಿ. ನಿನ್ನ ಮಗಳ ಶಾಸ್ತ್ರಕ್ಕೂ ಸೇರಿಸೇ ಹಾಕಿದೀನಿ."

ಸೀರೆ ಬಿಚ್ಚಿದರು. ಸಾಲು ತಣ್ಣಗಾಗಲಿಲ್ಲ. ಸರ್ವರ್‌ಗಳ ನಡುವಿನ ಖಾಲಿ ಕಿಂಡಿಗಳಿಗೆ ಮುಚ್ಚಳವಿರಲಿಲ್ಲ. ಹಿಂದಿನ ಬಿಸಿ ಮುಂದಕ್ಕೆ ನುಸುಳುತ್ತಿತ್ತು. ಮುಚ್ಚಳಗಳು ಸಿಕ್ಕಿದ್ದು ಗೇಟಿನಲ್ಲಿ, ಕಾವಲುಗಾರ ಮಾಣಿಕ್ಕಂ ಕೈಯಲ್ಲಿ.

"ನಿಂಗೇನು ತಂಬಿ, ಒಳಗೆ ಊಟಿ. ನಾನಿಲ್ಲಿ ಬೀಸಣಿಗೆ ಇಲ್ದೆ ಸಾಯ್ಲಾ?" ಎಂದ ಅವನು.

ಅವನನ್ನೂ ಒಳಗೆ ಕರೆತಂದು ಕಿಂಡಿ ಮುಚ್ಚಿದ್ದಾಯಿತು. ಕಾವು ಒಂಚೂರು ಇಳಿದು, ಮೊಂಡು ಎಮ್ಮೆಯ ಹಾಗೆ ಅಲ್ಲೇ ನಿಂತಿತು. ಹೊತ್ತು ಇಳಿಯುತ್ತಿತ್ತು.

"ತಂಪು ಗಾಳಿ ಬರೋದು ನೆಲದಡಿಯಿಂದ ತಾನೇ? ಬಾಗಿಲ ಹತ್ತಿರದ ಹಲಗೆ ಎತ್ತು ಮಾಣಿಕ್ಕಂ" ಎಂದರು ಆರೋಗ್ಯಸಾಮಿ.

ಕದಿರವನ್‌ಗೆ ಸ್ವೆಟರಿನೊಳಗೇ ಬೆವರೊಡೆಯಿತು. "ಅಲ್ಲಿ ಬೇಡ ಸಾರ್! ಏಳನೇ ಸಾಲು ಆ ಮೂಲೇಲಿದೆ. ಇದಕ್ಕೂ ಅದಕ್ಕೂ ಏನು ಸಂಬಂಧ?"

"ಗಂಟಲಲ್ಲೇ ಸಿಕ್ಕೊಂಡ್ರೆ ಹೊಟ್ಟೆಗೇನಯ್ಯ ಇಳಿಯುತ್ತೆ?"

ಮಾಣಿಕ್ಕಂ ಹಲಗೆ ಎತ್ತಿದ. ಏಸಿಯ ಬಾಯಿಗೆ ಸರಿಯಾಗಿ, ಮಡಚಿಟ್ಟ ತೇಗದ ತೊಟ್ಟಿಲು! ಎಳೆದದ್ದೇ ತಡ, ಭರ್ರೆಂದು ಗಾಳಿ ನುಗ್ಗಿತು. ಏಳನೇ ಸಾಲು ತಣ್ಣಗಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಒಬ್ಬನನ್ನು ಬಿಟ್ಟು.

"ಯಾರದಿದು?"

ಕದಿರವನ್ ಏಳನೇ ಸಾಲಿನ ಕಡೆ ತಿರುಗಿ ಕಾವು ಎಷ್ಟೆಂದು ನೋಡತೊಡಗಿದ.

"ಸರಿ. ಕದಿರವನ್, ನಿನ್ನ ರಜೆ ನಿಂಗೆ, ಹೊರಡು. ಇದು ನಂದು ಅಂತ ಯಾರೂ ಅನ್ನದಿದ್ರೆ ಕನಕವಲ್ಲಿ ಮೊಮ್ಮಗನಿಗೆ. ಯಾರಾದ್ರೂ ನಂದು ಅಂದ್ರೆ, ತೊಟ್ಟಿಲು ಅವರಿಗೆ, ಆದ್ರೆ ಪೊಂಗಲ್‌ವರೆಗೂ ರಜೆ ಇಲ್ಲ, ಇಲ್ಲೇ ವಾಸ."

ಕನಕವಲ್ಲಿ ಆಗಲೇ ತೊಟ್ಟಿಲು ಬಿಡಿಸಿ ಸೆರಗಿನಿಂದ ಒರೆಸುತ್ತಿದ್ದಳು. "ನಿನ್ನ ಮಗಳ ಕಾಲ್ಗುಣ ತಂಬಿ! ನೂರು ಕಾಲ ಬಾಳಲಿ!"

ರೈಲಿಗೆ ಉಳಿದದ್ದು ಎಗ್ಮೋರಿಗೆ ಓಡುವಷ್ಟೇ ಹೊತ್ತು. ಆಗ ಮತ್ತೆ ಫೋನು.

"ಹೊರಟ್ರಾ? ಎಲ್ರೂ ಬಂದ್ಬಿಟ್ಟಿದಾರೆ. ತೊಟ್ಟಿಲಿಲ್ದೆ ಮಾತ್ರ ಬಾಗಿಲು ತುಳೀಬೇಡಿ. ತಗೊಳ್ಳಿ, ನಿಮ್ಮ ಮಗಳ ಹತ್ರ ಮಾತಾಡಿ."

ನೆಲದಿಂದೇಳುವ ತಂಪು ಗಾಳಿಗೆ ಖಾಲಿ ತೊಟ್ಟಿಲು ತನ್ನಷ್ಟಕ್ಕೆ ತೂಗುತ್ತಿತ್ತು. ಈ ಸಲ ಮಗುವಿನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

ಹೇಳಿ ನೋಡೋಣ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?