ಮೌಶಿ ಬೈಯದ ತಿಂಗಳು

ನಮ್ಮ ಮೌಶಿಯ ಬಾಯಿಗೆ ಸಿಗದ ಮನುಷ್ಯಾ ಇಡೀ ಪುಣೇದಾಗ ಯಾರರೆ ಇದ್ರ, ಅಂವಾ ಆಕೀ ಕಣ್ಣಿಗೆ ಬಿದ್ದಿಲ್ಲ ಅಂತ ಅರ್ಥ! ನಮ್ಮವ್ವನ ತಂಗಿ ಈಕಿ. ಗಂಡ ತೀರಿಕೊಂಡಮ್ಯಾಲೆ ಬಾಗಲಕೋಟಿಯಿಂದ ಬಂದು ನಮ್ಮ ಜೋಡೀನೇ ಇದ್ದಾಕಿ. ಮನ್ಯಾಗ ಬೈಯೂದು ಕನ್ನಡದಾಗ, ಹೊಸ್ತಿಲಾ ದಾಟಿದ ಕೂಡ್ಲೆ ಮರಾಠಿ. ಕ್ಯಾಂಪಿನ ಮಾರ್ಕೆಟ್ಟಿನ್ಯಾಗ ಭಾಜಿ ಮಾರೂ ಮುದುಕ ಆಕಿ ಬರೂದು ಕಂಡ್ರ, ಬಾಡಿದ ಮೆಂತ್ಯಾ ತಾನೇ ತಗದು ಬುಟ್ಟಿ ಹಿಂದ ಇಡತಿದ್ದ. ಯಾಕ ಬೇಕು ಉಸಾಬರಿ?

ಇಂಥಾಕಿ ಕುತ್ತಿಗ್ಯಾಗ ಥೈರಾಯ್ಡ್ ಕ್ಯಾನ್ಸರ್ ಬಂತು. ಆಪರೇಷನ್ ಆತು. ಉಳಿದದ್ದನ್ನ ಸುಡಲಿಕ್ಕೆ ರೇಡಿಯೋ ಅಯೋಡಿನ್ ಕುಡಿಸಿ ಒಂದು ಖೋಲಿಯೊಳಗ ಒಬ್ಬಾಕೀನೇ ಇಟ್ರು. ಮೈಯಿಂದ ವಿಕಿರಣ ಹೊರಡತದಂತ, ಮೂರು ದಿನ ಹತ್ರ ಯಾರೂ ಹೋಗೂಹಂಗಿಲ್ಲ. ಬೈಲಿಕ್ಕೆ ಮನುಷ್ಯಾರೇ ಇಲ್ಲದ ಮೂರು ದಿನ! ನಾಲ್ಕನೇ ದಿನ ಬಾಗಲಾ ತಗದ ನರ್ಸಿಗೆ ಮೂರೂ ದಿನದ್ದು ಒಮ್ಮೆಲೇ ಸಿಕ್ತು.

ಆಮ್ಯಾಲೆ ವರ್ಷಕ್ಕೊಮ್ಮೆ ಇಡೀ ಮೈ ಸ್ಕ್ಯಾನ್. ರೋಗ ಎಲ್ಲೆರೆ ಉಳದದೋ, ಹಬ್ಬೇದೋ ನೋಡಲಿಕ್ಕೆ. ಅದಕ್ಕ ಒಂದು ತಿಂಗಳು ಮೊದಲ ದಿನಾ ನುಂಗೂ ಥೈರಾಯ್ಡಿನ ಗುಳಿಗಿ ಬಂದ್ ಮಾಡಬೇಕು. ಆಮ್ಯಾಲೆ ಅಯೋಡಿನ್ ಇರೂ ಪಾಕೀಟಿನ ಉಪ್ಪೂ ಬಂದ್, ಹಾಲು ಮೊಸರೂ ಬಂದ್. ಗುಳಿಗಿ ನಿಂತು ಹದಿನೈದು ದಿನಕ್ಕ ಮೌಶಿ ನಿಧಾನ ಆಗತಿದ್ಲು. ಮುಖ ಊದತಿತ್ತು, ದನಿ ಒಡೀತಿತ್ತು, ಮೇ ತಿಂಗಳದಾಗ ಸ್ವೆಟರ್! “ಏ ಕತ್ತೀ...” ಅಂತ ಶುರು ಮಾಡತಿದ್ಲು, ಮುಂದಿಂದು ಬರೂದ್ರಾಗ ನಾ ಜಳಕಾ ಮಾಡಿ ಆಫೀಸಿಗೆ ಹೊರಟಿರತಿದ್ದೆ. ಭಾಜಿ ಮುದುಕ ಸುದ್ದಾ ಚಿಂತೀಲೆ, “ಮಾವಶಿ ಬರ್‍ಯಾ ಆಹೇತ್ ನಾ?” ಅಂತ ಆಕೀ ಆರಾಮು ಕೇಳಿದ. ಬೈಗಳಿಲ್ಲದ ಮನಿ ಸೂತಕದ ಮನಿಹಂಗ ಇರತಿತ್ತು. ನನಗ ಭಾಳ ಹೆದರಿಕಿ ಆಗತಿತ್ತು.

ಮೊದಲ ವರ್ಷದ ಫಿಲ್ಮ್ ಆಕೀನೇ ಕಿಡಕಿ ಬೆಳಕಿಗೆ ಹಿಡದು ನೋಡಿದ್ಲು. ಬಾಯಿ, ಹೊಟ್ಟಿ, ಕೆಳಗ ಒಂದೀಟು ಕರ್ರಗ. ಅವು ಎಲ್ಲಾರಿಗೂ ಕಾಣತಾವ, ರೋಗ ಅಲ್ಲ ಅಂತ ಡಾಕ್ಟರು ತಿಳಿಸಿ ಹೇಳಿದ್ರು.

“ನೋಡೋ, ನನ್ನ ಬಾಯಿ ಎಷ್ಟು ಕರ್ರಗದ!”

“ಬೈದೂ ಬೈದೂ ಸುಟ್ಟದ, ಮೌಶಿ.”

ನಕ್ಕು ನಕ್ಕು ಕೆಮ್ಮಿದ್ಲು. ಎರಡನೇ ವರ್ಷಾನೂ ಹಂಗೇ, ಬ್ಯಾರೆ ಎಲ್ಲೂ ಏನೂ ಇದ್ದಿದ್ದಿಲ್ಲ.

ಮೂರನೇ ವರ್ಷ ಡಾಕ್ಟರು ನನ್ನೊಬ್ಬನ್ನೇ ಒಳಗ ಕರದ್ರು. ಎರಡೂ ಶ್ವಾಸಕೋಶಕ್ಕ ಹಬ್ಬೇದ ಅಂದ್ರು. ಮತ್ತೊಮ್ಮೆ ಔಷಧ ಕೊಟ್ಟು ನೋಡೂಣು, ಆದ್ರ ಭರೋಸಾ ಹೇಳಲಾರೆ ಅಂದ್ರು. ಹೊರಗ ಬಂದು ಲಕೋಟಿ ಬಗಲಾಗ ಒತ್ತಿ ಹಿಡದು, “ಎಲ್ಲಾ ಛಲೋ ಅದ, ಮೌಶಿ,” ಅಂದೆ.

ಆಕಿ ಕೈ ಚಾಚಿದ್ಲು. ಕೊಡಲಾರದ ಇರಲಿಕ್ಕೆ ನನ್ನಿಂದ ಆಗಲಿಲ್ಲ. ಫಿಲ್ಮ್ ಕಿಡಕಿಗೆ ಹಿಡದ್ಲು. ಬಾಯಿ ಅದ, ಹೊಟ್ಟಿ ಅದ. ಎದಿ ಮ್ಯಾಲಿನ ಹೊಸಾ ಕರೀ ಕಲೆ ಹತ್ರ ಆಕೀ ಬೆರಳು ನಿಂತುಬಿಡ್ತು. ಬೈ ಮೌಶಿ, ಸುಳ್ಳ ಹೇಳಿದ್ದಕ್ಕರೆ ಬೈ! ಒಳಗೊಳಗ ಬೇಡಿಕೊಂಡೆ.

ಬೈಲಿಲ್ಲ. ಫಿಲ್ಮ್ ಮಡಚಲಾರದಂಗ ಲಕೋಟಿಯೊಳಗ ಹಾಕಿ ನನಗ ಕೊಟ್ಲು. ಕಿಡಕಿಯಿಂದ ಗೇಟು ಕಾಣತಿತ್ತು. ಅಲ್ಲೆ ನಮ್ಮವ್ವ ಊಟದ ಡಬ್ಬಿ ಹಿಡಕೊಂಡು ನಿಂತಿದ್ಲು. ತಂಗಿ ರಿಪೋರ್ಟು ಬರೂತನಕ ಹನಿ ನೀರೂ ಮುಟ್ಟೂದಿಲ್ಲ ಅಂತ ಮುಂಜಾನೆಯಿಂದ ಉಪಾಸ ಇದ್ಲು.

ಮೌಶಿ ನನ್ನ ಕೈ ಹಿಡಕೊಂಡ್ಲು. ಆ ಕೈ ಎಷ್ಟು ತಣ್ಣಗಿತ್ತು! ಒಡದ ದನೀಲೆ ಒಂದೊಂದೇ ಮಾತು ಹುಡುಕಿ ಅಂದ್ಲು:

“ಈಗ ನನಗ ಛಲೋ ಅದ ಅಂದ್ಯಲ್ಲಾ... ಅದನ್ನೇ ಅಕ್ಕಗೂ ಹೇಳಪಾ. ಮೊದಲ ಆಕಿ... ಉಣ್ಣಲಿ.”