ಆಚೆ ದಡಕ್ಕೆ ಒಂದು ಮೂಟೆ ಜವೆಗೋಧಿ

ಗೋಧಿ, ಜವೆಗೋಧಿ ಬೆಳೆಯುವ ರೈತರಿಗೆ ಬೀಜ ಕೊಟ್ಟು ನೆರವಾಗುವ ಕಚೇರಿಯಲ್ಲಿ ನಾನು ಕೆಲಸಕ್ಕಿದ್ದೆ. ಕಚೇರಿ ಕಾಶಿಯ ಕಂಟೋನ್ಮೆಂಟಿನಲ್ಲಿ, ಮನೆ ಹನುಮಾನ್ ಘಾಟಿನಲ್ಲಿ. ರೈತರಿಗೆ ನೆರವಾಗಬಾರದು ಅಂತ ಅಲ್ಲಿ ಯಾರೂ ಹಟ ಹಿಡಿದಿರಲಿಲ್ಲ. ಆದರೂ ವಾರಕ್ಕೊಂದು ಸಲ ಈಗ ಹೇಳಹೊರಟಂಥದ್ದು ನಡೆಯದಿದ್ದರೆ ಇವತ್ತು ಕಚೇರಿಗೆ ರಜೆಯೇನೋ ಅಂತ ನನಗೆ ಅನುಮಾನ ಬರುತ್ತಿತ್ತು. ತೊಂಬತ್ತರ ದಶಕದ ಶುರುವಿನ ಮಾತು. ಇಲ್ಲಿರುವುದೆಲ್ಲ ಒಬ್ಬನೇ ರೈತನಿಗೆ, ಒಂದೇ ಕಾರ್ತಿಕದಲ್ಲಿ ಆದದ್ದು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

೧. ಪ್ರಮಾಣಪತ್ರ

ಅವನು ಗಂಗೆಯ ಆಚೆ ದಡದ ಮುದುಕ. ಹೊಲ ಬರೀ ಮರಳು, ನೀರಿಲ್ಲ. ಅಲ್ಲಿ ಗೋಧಿ ಏಳುವುದಿಲ್ಲ, ಜವೆಗೋಧಿ ಮಾತ್ರ ಬರುತ್ತದೆ. ಇಟ್ಟುಕೊಂಡ ಬೀಜಕ್ಕೆ ಹುಳ ಬಿದ್ದಿತ್ತು. ಮಣ್ಣಿನ ಹಸಿ ಆರುವುದರೊಳಗೆ ಒಂದು ಮೂಟೆ ಬೀಜ ಸಿಗದಿದ್ದರೆ ಆ ವರ್ಷ ಹೊಲ ಬೀಳು.

"ಮೊದಲು ತರಬೇತಿ, ಆಮೇಲೆ ಬೀಜ" ಅಂದರು ಸಾಹೇಬರು. ತರಬೇತಿ ಒಂದು ಹೋಟೆಲಿನ ಹಾಲಿನಲ್ಲಿ. ಕುರ್ಚಿಗಳೆಲ್ಲ ಅಧಿಕಾರಿಗಳಿಗೇ ಸಾಲದಾದವು, ರೈತರು ವರಾಂಡದಲ್ಲಿ ನಿಂತು ಕೇಳಿದರು. ಜವೆಗೋಧಿಯಂಥ ಒರಟು ಧಾನ್ಯ ತಿನ್ನಿ ಅಂತ ಒಂದು ಗಂಟೆ ಭಾಷಣ ಬಿಗಿದು, ಮೈದಾಹಿಟ್ಟಿನ ಸಮೋಸ ಹಂಚಿದರು. ನಾಚಿಕೆಯೂ ಇಲ್ಲ ಇವರಿಗೆ. ಕೊನೆಗೆ ಮುದುಕನ ಕೈಗೆ ಬಣ್ಣದ ಪ್ರಮಾಣಪತ್ರ ಬಂತು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನನ್ನು ಕೇಳಿದ: "ಬಾಬು, ಇದನ್ನ ಎಷ್ಟು ಬೆರಳು ಆಳಕ್ಕೆ ಬಿತ್ತಬೇಕು?"

೨. ಬಾವಿಯ ನಂಬರು

ಆಮೇಲೆ ಅರ್ಜಿ. ನೀರಿಲ್ಲದ ಹೊಲಕ್ಕೆ ಕೊಡುವ ಬೀಜದ ಅರ್ಜಿಯಲ್ಲಿ ಕೊಳವೆಬಾವಿಯ ನಂಬರು ಕೇಳಿದ್ದರು. ಗುಮಾಸ್ತ ಆ ಜಾಗ ಖಾಲಿ ಬಿಡಲು ಸುತರಾಂ ಒಪ್ಪಲಿಲ್ಲ.

"ಬಾವಿ ಇದ್ದಿದ್ದರೆ ಗೋಧಿ ಬಿತ್ತಿ ಮನೆಯಲ್ಲಿ ಮಲಗಿರ್ತಿದ್ದೆ, ಇಲ್ಲಿಗೆ ಯಾಕೆ ಬರ್ತಿದ್ದೆ?" ಅಂದ ಮುದುಕ.

ನನಗೆ ರೇಗಿಹೋಯಿತು. ಪೆನ್ನು ಕಿತ್ತುಕೊಂಡು 'ನೀರಿನ ಮೂಲ: ಗಂಗೆ' ಅಂತ ಬರೆದೆ.

ಗುಮಾಸ್ತ ಓದಿದ. "ಇದು ಯಾರ ಹೆಸರಿನಲ್ಲಿದೆ?"

"ವಿಶ್ವನಾಥನ ಹೆಸರಿನಲ್ಲಿ" ಅಂದೆ.

ಅವನು ಮುಖದಲ್ಲಿ ಒಂದು ಗೆರೆಯನ್ನೂ ಅಲುಗಿಸದೆ ಹೇಳಿದ: "ಹಾಗಾದರೆ ಮಾಲೀಕರ ಒಪ್ಪಿಗೆ ಬೇಕಾಗುತ್ತೆ."

೩. ಒಪ್ಪಿಗೆ

ಮರುದಿನ ಮುದುಕ ವಿಶ್ವನಾಥ ಗಲ್ಲಿಯಿಂದ ನೇರವಾಗಿ ಬಂದ. ಗುಮಾಸ್ತನ ಮೇಜಿನ ಮೇಲೆ ಪ್ರಸಾದದ ಪೊಟ್ಟಣ ಇಟ್ಟ. "ಮಾಲೀಕರು ಸಹಿ ಹಾಕೋದಿಲ್ಲವಂತೆ. ಇದನ್ನ ಕೊಟ್ಟರು."

ಗುಮಾಸ್ತ ಎದ್ದು ಚಪ್ಪಲಿ ಬಿಟ್ಟು, ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡ. ಪೇಡ ತಿಂದು ಪೊಟ್ಟಣದ ಕಾಗದವನ್ನು ಫೈಲಿಗೆ ಪಿನ್ನು ಮಾಡಿದ.

೪. ದಾನ

ಮೂಟೆ ಕೈಗೆ ಬರುವ ಹೊತ್ತಿಗೆ ಸಂಜೆ, ಆಚೆಗೆ ದೋಣಿ ಇರಲಿಲ್ಲ. ಬೆಳಿಗ್ಗೆ ಒಯ್ಯಲಿ ಅಂತ ನಮ್ಮ ಮನೆಯ ಜಗಲಿಯಲ್ಲಿ ಇಡಿಸಿದೆ. ಬೆಳಿಗ್ಗೆ ಮುದುಕ ಬಂದರೆ ಮೂಟೆ ಇಲ್ಲ.

ಮನೆ ಮಾಲೀಕರಾದ ಭಟ್ಟರು, ದಕ್ಷಿಣದ ಯಾತ್ರಿಕರಿಗೆ ಕರ್ಮ ಮಾಡಿಸುವವರು, ಅದನ್ನು ಘಾಟಿಗೆ ಹೊರಿಸಿಕೊಂಡು ಹೋಗಿದ್ದರು. ಓಡಿದೆವು. ಬಾಗಲಕೋಟೆ ಕಡೆಯ ಒಬ್ಬ ಅಮ್ಮ ಭಟ್ಟರಿಗೆ ದುಡ್ಡು ಕೊಟ್ಟು ಧಾನ್ಯದಾನಕ್ಕೆ ಕೂತಿದ್ದರು. ಎದುರಿಗೆ ದಾನ ಹಿಡಿಯಲು ಭಟ್ಟರ ಭಾವಮೈದ. ನಡುವೆ ನಮ್ಮ ಮೂಟೆ.

"ಭಟ್ಟರೇ, ಅದು ಬಿತ್ತನೆ ಬೀಜ" ಅಂದೆ.

"ಗೊತ್ತಯ್ಯಾ. ನಮ್ಮ ದಾನದ ಮೂಟೆಗೆ ಇಲಿ ತೂತು ಮಾಡಿದೆ. ಇದೆಲ್ಲಿಗೆ ಹೋಗುತ್ತೆ? ದಾನ ಕೊಟ್ಟದ್ದು ಸಂಜೆಗೆ ನಮ್ಮ ಜಗಲಿಗೇ ವಾಪಸು. ಈ ವಾರವೆಲ್ಲ ಯಾತ್ರಿಕರಿದ್ದಾರೆ, ಅಮಾವಾಸ್ಯೆ ಕಳೆದ ಮೇಲೆ ಕೊಂಡುಹೋಗಲಿ."

ಅಮಾವಾಸ್ಯೆಯವರೆಗೆ ಮಣ್ಣಿನ ಹಸಿ ಕಾಯುತ್ತದೆಯೇ? ನನ್ನ ಸಿಟ್ಟು ನೆತ್ತಿಗೇರಿತು. ಕಚೇರಿಯ ಮೇಲಿದ್ದ ಕೋಪವನ್ನೂ ಸೇರಿಸಿ, ಘಾಟೆಲ್ಲ ತಿರುಗಿ ನೋಡುವ ಹಾಗೆ ಕನ್ನಡದಲ್ಲೇ ಕೂಗಾಡಿದೆ.

ಆ ಅಮ್ಮ ತಲೆಯೆತ್ತಿದರು. "ಏನಪಾ ಇದು ಗದ್ಲ?" ಹೇಳಿದೆ. ಅವರು ಭಟ್ಟರ ಭಾವಮೈದನನ್ನು ಕೇಳಿದರು: "ಇದನ್ನ ತಗೊಂಡು ನೀವೇನ್ ಮಾಡ್ತೀರಿ?" ಆತ ಭಟ್ಟರ ಮುಖ ನೋಡಿದ. ಮುದುಕನನ್ನು ನನ್ನ ಮೂಲಕ ಕೇಳಿದರು. "ಇವತ್ತೇ ಬಿತ್ತುತ್ತೇನೆ" ಅಂದ.

"ಹಂಗಾರ ಇವರಿಗೇ ಕೊಡ್ತೀನಿ" ಅಂದವರೇ ಅವನನ್ನು ಎದುರಿಗೆ ಕೂಡಿಸಿ, ಅಂಗೈ ಮೇಲೆ ಒಂದು ಉದ್ಧರಣೆ ನೀರು ಬಿಟ್ಟರು. ಮುಗಿಯಿತು. ತರಬೇತಿಯಿಲ್ಲ, ಬಾವಿಯಿಲ್ಲ, ಫೈಲಿಲ್ಲ. ನಾನು ಮೂರು ವಾರ ಕಚೇರಿಯಲ್ಲಿ ಬಡಿದಾಡಿದ ಕೆಲಸ ಅದು. ಮುದುಕ ಒದ್ದೆ ಕೈಯಲ್ಲೇ ಅವರಿಗೆ ಮುಗಿದು, ಮೂಟೆ ಹೊತ್ತು ದೋಣಿ ಹತ್ತಿದ.

ದೋಣಿ ನಡುನೀರಿಗೆ ಹೋಗುವವರೆಗೂ ಭಟ್ಟರು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು. ನನಗಿಂತ ಅವರಿಗೇ ಹೆಚ್ಚು ಸಿಟ್ಟು ಬಂದಿತ್ತು.

"ಎಂಥ ಮನುಷ್ಯನಯ್ಯಾ ಅವನು? ದಾನ ಕೊಟ್ಟ ಧಾನ್ಯವನ್ನ ನಿಜವಾಗಿಯೂ ಉಪಯೋಗಿಸಿಬಿಟ್ಟರೆ ನಾಳೆ ಬರೋ ಯಾತ್ರಿಕರ ಕೈಲಿ ನಾನು ಏನು ಕೊಡಿಸಲಿ?"